ಸೀಸನ್ ಮುಗಿದ ಮೇಲೆ ಊರಿನಲ್ಲಿ ಯಾರಿರುತ್ತಾರೆ?

ಪ್ರವಾಸದ ಬಗ್ಗೆ ಬರೆಯುವವರೆಲ್ಲ ಕೊಡುವ ಒಂದು ಸಲಹೆ ಇದೆ. ಹೆಸರಾದ ಊರಿಗೆ ಹೋಗುವುದಿದ್ದರೆ ಆಫ್ ಸೀಸನ್ನಿನಲ್ಲಿ ಹೋಗಿ. ರೂಮು ಅಗ್ಗಕ್ಕೆ ಸಿಗುತ್ತದೆ, ಕ್ಯೂ ನಿಲ್ಲಬೇಕಿಲ್ಲ, ಫೋಟೊ ತೆಗೆಯುವಾಗ ಯಾರೂ ಅಡ್ಡ ಬರುವುದಿಲ್ಲ. ಇಟಲಿಯ ವೆನಿಸ್ ಬಗ್ಗೆಯಂತೂ ಈ ಮಾತು ಗಾದೆಯ ಹಾಗೆ ಆಗಿಬಿಟ್ಟಿದೆ. ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲ, ಚಳಿಗಾಲದಲ್ಲಿ ಹೋಗಿ, ಊರೆಲ್ಲ ನಿಮ್ಮದೇ ಎನ್ನುತ್ತಾರೆ.

ಸಲಹೆ ಸರಿಯಾಗಿಯೇ ಇದೆ. ಅದಕ್ಕೆ ಕೊಡುವ ಕಾರಣ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಊರು ನಮ್ಮದಾಗಲಿ ಎಂದು ಹೋಗುವುದಲ್ಲ, ಅದು ಇನ್ನೂ ಅಲ್ಲಿನವರದ್ದಾಗಿ ಉಳಿದಿದೆಯಾ ಎಂದು ನೋಡಲು ಹೋಗಬೇಕು. ಪ್ರವಾಸಿಗರು ತುಂಬಿರುವಾಗ ಇದು ಗೊತ್ತಾಗುವುದಿಲ್ಲ. ಜಾತ್ರೆಯ ದಿನ ಬಂದವನಿಗೆ ಎಲ್ಲ ಊರೂ ತುಂಬಿದ ಊರೇ. ಜಾತ್ರೆ ಮುಗಿದು ವಾರವಾದ ಮೇಲೆ ಬಂದವನಿಗೆ ಊರಿನ ನಿಜವಾದ ಲೆಕ್ಕ ಸಿಗುತ್ತದೆ. ಹೋದ ಜನವರಿಯಲ್ಲಿ, ಜರ್ಮನಿಯಲ್ಲಿ ಕೆಲಸ ಮಾಡುವ ತಮ್ಮನ ಜೊತೆ ವೆನಿಸ್‌ನಲ್ಲಿ ಮೂರು ರಾತ್ರಿ ಇದ್ದೆ. ನಾನು ಹೊಸಪೇಟೆ ಕಡೆಯವಳು. ಹಾಗಾಗಿ ಈ ಬರಹದಲ್ಲಿ ಹಂಪಿ ಬಂದೇ ಬರುತ್ತದೆ. ಮೊದಲು ವೆನಿಸ್ ನೋಡೋಣ.

ವೆನಿಸ್‌ನ ಚಳಿಗಾಲ ಪೂರ್ತಿಯಾಗಿ ಖಾಲಿ ಇರುವುದಿಲ್ಲ. ಕ್ರಿಸ್‌ಮಸ್, ಹೊಸ ವರ್ಷಕ್ಕೆ ಜನ ಬರುತ್ತಾರೆ. ಫೆಬ್ರವರಿ ಹೊತ್ತಿಗೆ ಮುಖವಾಡದ ಕಾರ್ನಿವಲ್‌ಗೆ ಮತ್ತೆ ನೂಕುನುಗ್ಗಲು. ಜನವರಿ 6ರ ಹಬ್ಬ ಮುಗಿದು ಕಾರ್ನಿವಲ್ ಶುರುವಾಗುವ ತನಕದ ಕೆಲವು ವಾರಗಳು ಮತ್ತು ನವೆಂಬರ್‌ನ ಬಹುಪಾಲು ದಿನಗಳು, ಇವೇ ಆ ಊರಿನ ಮೌನದ ಕಾಲ. ಈ ದಿನಗಳಲ್ಲಿ ಎಷ್ಟೋ ಅಂಗಡಿ, ಹೋಟೆಲುಗಳ ಬಾಗಿಲಿಗೆ ರಜೆಯ ಚೀಟಿ ಅಂಟಿಸಿರುತ್ತಾರೆ. ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ಸಮುದ್ರದ ಹಿನ್ನೀರಿನ ಮೇಲಿಂದ ಮಂಜು ಬಂದು ಕೂರುತ್ತದೆ. ಈ ಮಂಜಿಗೆ ಅಲ್ಲಿನ ಆಡುಮಾತಿನಲ್ಲಿ 'ಕಾಯ್ಗೊ' ಎನ್ನುತ್ತಾರೆ. ಎದುರಿನ ಸೇತುವೆ ಕಾಣುವುದಿಲ್ಲ, ಮೇಲೆ ನಡೆಯುವವರ ಬೂಟಿನ ಸದ್ದು ಮಾತ್ರ ಕೇಳುತ್ತದೆ. ವಾಹನಗಳೇ ಇಲ್ಲದ ಊರಾದ್ದರಿಂದ ಸಣ್ಣ ಸದ್ದೂ ದೂರದವರೆಗೆ ಬರುತ್ತದೆ.

ನೀರಿನ ಸಮಸ್ಯೆಯೂ ಮುಖ್ಯವಾಗಿ ಈ ಶರತ್ಕಾಲ, ಚಳಿಗಾಲದ್ದೇ. ಉಬ್ಬರ, ದಕ್ಷಿಣದ ಗಾಳಿ, ಕಡಿಮೆ ಒತ್ತಡ ಮೂರೂ ಸೇರಿದಾಗ ಸಮುದ್ರ ಊರೊಳಗೆ ನುಗ್ಗುತ್ತದೆ. 1966ರ ನವೆಂಬರ್ 4ರಂದು ನೀರಿನ ಮಟ್ಟ 194 ಸೆಂಟಿಮೀಟರ್‌ಗೆ ಏರಿತ್ತು. 2019ರ ನವೆಂಬರ್ 12ರಂದು 187. ಈಗ ಸಮುದ್ರ ಮತ್ತು ಹಿನ್ನೀರು ಸೇರುವ ಮೂರು ಬಾಯಿಗಳಲ್ಲಿ ಒಟ್ಟು 78 ಕಬ್ಬಿಣದ ಗೇಟುಗಳನ್ನು ನೀರಿನಡಿ ಮಲಗಿಸಿಟ್ಟಿದ್ದಾರೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದರೆ ಗೇಟುಗಳೊಳಗೆ ಗಾಳಿ ತುಂಬಿ ಎಬ್ಬಿಸಿ ನಿಲ್ಲಿಸುತ್ತಾರೆ. 'ಮೋಸೆ' ಎಂಬ ಹೆಸರಿನ ಈ ವ್ಯವಸ್ಥೆ 2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರವನ್ನು ತಡೆಯಿತು. ಬೇಸಿಗೆಯಲ್ಲಿ ಬಂದು ದೋಣಿಯಲ್ಲಿ ಕೂತು ಹೋಗುವವರಿಗೆ ಇದೊಂದು ಕುತೂಹಲದ ಸುದ್ದಿ. ನೆಲಮಹಡಿಯಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಬದುಕಿನ ಪ್ರಶ್ನೆ. ಊರಿನ ಕಷ್ಟ ಕಾಣುವುದು ಕಷ್ಟದ ಕಾಲದಲ್ಲೇ. ಬಯಲುಸೀಮೆಯ ಹಳ್ಳಿಯನ್ನು ದೀಪಾವಳಿಗೆ ಮಾತ್ರ ನೋಡಿದವನಿಗೆ ಏಪ್ರಿಲ್ ತಿಂಗಳ ಖಾಲಿ ಕೊಡಗಳ ಸಾಲು ಗೊತ್ತಿರುವುದಿಲ್ಲವಲ್ಲ, ಹಾಗೆ.

ಹಬ್ಬಗಳೂ ಅಷ್ಟೇ. ಜಗತ್ತಿಗೆ ಗೊತ್ತಿರುವುದು ಕಾರ್ನಿವಲ್. ಈಗ ನಾವು ನೋಡುವ ಕಾರ್ನಿವಲ್ ನಿಂತುಹೋಗಿದ್ದನ್ನು 1970ರ ದಶಕದ ಕೊನೆಯಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದು. ಅಲ್ಲಿನವರು ತಮ್ಮದೆಂದು ಹಿಡಿದುಕೊಂಡಿರುವ ಹಬ್ಬ ಬೇರೆ. ನವೆಂಬರ್ 21ರ 'ಸಲೂತೆ'. 1630-31ರ ಪ್ಲೇಗ್‌ನಲ್ಲಿ ಊರಿನ ದೊಡ್ಡ ಪಾಲು ಸತ್ತುಹೋಯಿತು. ರೋಗ ತೊಲಗಿದರೆ ಚರ್ಚು ಕಟ್ಟಿಸುತ್ತೇವೆಂದು ಊರು ಹರಕೆ ಹೊತ್ತಿತು. ಆ ಹರಕೆಯ ನೆನಪಿಗೆ ಇವತ್ತಿಗೂ ದೊಡ್ಡ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ, ಜನ ನಡೆದು ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಮನೆಗಳಲ್ಲಿ ಒಣಗಿಸಿದ ಕುರಿಮಾಂಸ, ಎಲೆಕೋಸು ಹಾಕಿ ಸಾರು ಮಾಡುತ್ತಾರೆ. ಪ್ಲೇಗಮ್ಮನ ಗುಡಿ ಕಟ್ಟಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಜನವರಿ 6ರಂದು ಹಳೆಯ ಹುಟ್ಟುಗಾರರು ಮುದುಕಿಯ ವೇಷ ಹಾಕಿಕೊಂಡು ದೊಡ್ಡ ಕಾಲುವೆಯಲ್ಲಿ ದೋಣಿ ಓಡಿಸುವ ಪಂದ್ಯ. ನೋಡುವವರು ಬಹಳಷ್ಟು ಊರಿನವರೇ. ಇವೆರಡೂ ಚಳಿಗಾಲದವು. ಹೊರಗಿನವರಿಗಾಗಿ ಇಟ್ಟದ್ದಲ್ಲವಾದ್ದರಿಂದಲೇ ಇವು ಚಂದ.

ನಾನು ನೋಡಿದ ವೆನಿಸ್‌ನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೆಳಗಿನ ಏಳು ಗಂಟೆಯ ಹೊತ್ತು. ಕಸದ ಗಾಡಿ ತಳ್ಳುವವರು ಮನೆಮನೆಯ ಕಸ ತೆಗೆದುಕೊಂಡು ದೋಣಿಗೆ ಸುರಿಯುತ್ತಿದ್ದರು. ತರಕಾರಿ, ನೀರಿನ ಬಾಟಲಿ, ವಾಷಿಂಗ್ ಮಷಿನ್, ಸಿಮೆಂಟ್ ಎಲ್ಲವೂ ದೋಣಿಯಲ್ಲೇ ಬರಬೇಕು. ದೋಣಿಯಿಂದ ಇಳಿದದ್ದು ಕೈಗಾಡಿಯಲ್ಲಿ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದ ಊರು ಅದು. ಗಾಲಿ ಇರುವ ಚೀಲ ಎಳೆದುಕೊಂಡು ಅಜ್ಜಿಯರು ರಿಯಾಲ್ಟೊದ ಮೀನು ಮಾರ್ಕೆಟ್ಟಿಗೆ ಹೊರಟಿದ್ದರು. ಮೆಟ್ಟಿಲು ಬಂದಾಗಲೆಲ್ಲ ನಿಂತು, ಉಸಿರು ಎಳೆದುಕೊಂಡು, ಚೀಲ ಎತ್ತುತ್ತಿದ್ದರು. ಬಾವಿಕಟ್ಟೆಯಿರುವ ಒಂದು ಚೌಕದಲ್ಲಿ ಸ್ಕೂಲ್ ಬ್ಯಾಗ್ ಕೆಳಗಿಟ್ಟು ನಾಲ್ಕು ಹುಡುಗರು ಚೆಂಡು ಒದೆಯುತ್ತಿದ್ದರು. ಇದು ಊರು. ಇಷ್ಟು ಸಾಕು ಊರು ಎನ್ನಲು.

ಇದೇ ಊರನ್ನು ರಾತ್ರಿ ನೋಡಿದರೆ ಬೇರೆ ಕತೆ. ಎರಡನೆಯ ರಾತ್ರಿ ಒಂದು ಕಾಲುವೆಯ ದಂಡೆಯ ಮೇಲೆ ನಿಂತು ಎದುರಿನ ಮನೆಗಳ ಕಿಟಕಿ ಎಣಿಸಿದೆ. ನಾಲ್ಕು ಅಂತಸ್ತಿನ ಆರು ಮನೆಗಳಲ್ಲಿ ದೀಪ ಇದ್ದ ಕಿಟಕಿಗಳು ಮೂರು. ಉಳಿದವು ಬಾಗಿಲು ಹಾಕಿಕೊಂಡಿದ್ದವು. ಕೆಲವು ಬಾಗಿಲುಗಳ ಪಕ್ಕ ನಂಬರ್ ಒತ್ತಿ ತೆಗೆಯುವ ಬೀಗದ ಕೈ ಪೆಟ್ಟಿಗೆಗಳು. ದಿನದ ಬಾಡಿಗೆಗೆ ಕೊಡುವ ಮನೆಗಳ ಗುರುತು ಅದು. ಬೇಸಿಗೆಯಲ್ಲಿ ಅದೇ ಕಿಟಕಿಗಳೆಲ್ಲ ಬೆಳಗುತ್ತವೆ, ಆಗ ಬಂದವರಿಗೆ ಊರು ತುಂಬಿದಂತೆ ಕಾಣುತ್ತದೆ.

ಅಂಕಿಸಂಖ್ಯೆ ನೋಡಿದರೆ ಈ ಕತ್ತಲೆಯ ಲೆಕ್ಕ ಸಿಗುತ್ತದೆ. 1951ರಲ್ಲಿ ವೆನಿಸ್‌ನ ಹಳೆಯ ಊರಿನಲ್ಲಿ ಸುಮಾರು 1,75,000 ಜನ ಇದ್ದರು. 2009ರಲ್ಲಿ 60,000ಕ್ಕಿಂತ ಕೆಳಗೆ ಇಳಿಯಿತು. ಆಗ ಊರಿನ ಕೆಲವರು ಶವಪೆಟ್ಟಿಗೆಯೊಂದನ್ನು ದೋಣಿಯಲ್ಲಿಟ್ಟು ಮೆರವಣಿಗೆ ಮಾಡಿ ವೆನಿಸ್‌ನ ಅಣಕು ಶವಸಂಸ್ಕಾರ ಮಾಡಿದರು. 2022ರಲ್ಲಿ 50,000ಕ್ಕಿಂತಲೂ ಕಡಿಮೆಯಾಯಿತು. ರಿಯಾಲ್ಟೊ ಸೇತುವೆಯ ಹತ್ತಿರದ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆ ತೋರಿಸುವ ಫಲಕವನ್ನು 2008ರಲ್ಲೇ ಹಾಕಿದ್ದರು. 2023ರಲ್ಲಿ ಇನ್ನೊಂದು ಗಡಿ ದಾಟಿತು. ಹಳೆಯ ಊರಿನಲ್ಲಿ ಪ್ರವಾಸಿಗರಿಗಾಗಿ ಇರುವ ಹಾಸಿಗೆಗಳು ನಿವಾಸಿಗಳಿಗಿಂತ ಹೆಚ್ಚಾದವು.

ಹೋದವರೆಲ್ಲ ಪ್ರವಾಸಿಗರ ಕಾಟಕ್ಕೆ ಹೋದರು ಎಂದರೆ ತಪ್ಪಾಗುತ್ತದೆ. ತೇವದ ನೆಲಮಹಡಿ, ಕಾರು ನಿಲ್ಲಿಸಲಾಗದ ಓಣಿ, ರಿಪೇರಿಯ ದುಬಾರಿ ಖರ್ಚು ಬೇಡವೆಂದು 1950-60ರ ದಶಕಗಳಲ್ಲೇ ಸಾವಿರಾರು ಜನ ಸೇತುವೆಯಾಚೆಯ ಮೆಸ್ತ್ರೆಗೆ ಹೋದರು. ಅಲ್ಲಿ ಕಾರ್ಖಾನೆ ಇತ್ತು, ಹೊಸ ಅಪಾರ್ಟ್‌ಮೆಂಟು ಇತ್ತು. ಆದರೆ ಈಗ ಒಬ್ಬರು ಬಿಟ್ಟುಹೋದ ಮನೆಗೆ ಇನ್ನೊಂದು ಸಂಸಾರ ಬರುವುದು ಕಷ್ಟ. ದಿನದ ಬಾಡಿಗೆಯಲ್ಲಿ ಸಿಗುವ ದುಡ್ಡನ್ನು ತಿಂಗಳ ಬಾಡಿಗೆ ಕೊಡುವ ಮೇಷ್ಟ್ರಾಗಲಿ ನರ್ಸಾಗಲಿ ಕೊಡಲಾರರು.

ನಾವು ಊಟ ಮಾಡಿದ ಜಾಗದಲ್ಲಿ ಅಡುಗೆಯವನು ಬಾಂಗ್ಲಾದೇಶದವನು. ನಮ್ಮನ್ನು ನೋಡಿ ಹಿಂದಿಯಲ್ಲಿ ಮಾತಿಗೆ ಬಂದ. ಮೆಸ್ತ್ರೆಯಲ್ಲಿ ನಾಲ್ಕು ಜನ ಸೇರಿ ಮನೆ ಮಾಡಿದ್ದಾರಂತೆ. "ದೀದಿ, ಒಂಬತ್ತು ವರ್ಷದಿಂದ ವೆನಿಸ್‌ನಲ್ಲಿ ಅಡುಗೆ ಮಾಡ್ತಿದೀನಿ, ಒಂದು ರಾತ್ರಿನೂ ಇಲ್ಲಿ ಮಲಗಿಲ್ಲ" ಎಂದ. ಜನವರಿಯಲ್ಲಿ ಹೇಗೆ ಎಂದು ಕೇಳಿದೆ. ವಾರಕ್ಕೆ ಮೂರೇ ದಿನ ಕರೆಯುತ್ತಾರೆ, ಊರಿಗೆ ಕಳಿಸುವ ದುಡ್ಡು ಅರ್ಧ ಆಗುತ್ತದೆ ಎಂದ. ಆಫ್ ಸೀಸನ್ನಿನ ಅಗ್ಗದ ರೂಮಿನ ಇನ್ನೊಂದು ಬದಿ ಇದು. ಮೌನವನ್ನು ಹೊಗಳುವಾಗ ಇವನ ಕೂಲಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ನಗರಾಡಳಿತ ಸುಮ್ಮನೆ ಕೂತಿಲ್ಲ. ದೊಡ್ಡ ಪ್ರವಾಸಿ ಹಡಗುಗಳು ಸಾನ್ ಮಾರ್ಕೊ ಚೌಕದ ಮುಂದೆ ಹಾದುಹೋಗುವುದನ್ನು ಇಟಲಿ ಸರ್ಕಾರ 2021ರ ಆಗಸ್ಟ್‌ನಿಂದ ನಿಲ್ಲಿಸಿದೆ. 2024ರ ಏಪ್ರಿಲ್ 25ರಿಂದ ದಿನದ ಮಟ್ಟಿಗೆ ಬಂದು ಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ಹಾಕಿದರು. ಆ ವರ್ಷ 29 ದಿನ, 2025ರಲ್ಲಿ 54 ದಿನ. ತಡವಾಗಿ ಬುಕ್ ಮಾಡಿದವರಿಗೆ 10 ಯೂರೊ. ಎಲ್ಲವೂ ವಸಂತ ಮತ್ತು ಬೇಸಿಗೆಯ ದಿನಗಳೇ. ಚಳಿಗಾಲಕ್ಕೆ ಶುಲ್ಕವಿಲ್ಲ, ಆಗ ಜನಜಂಗುಳಿ ಇರುವುದಿಲ್ಲವಲ್ಲ.

ನನ್ನ ತಕರಾರು ಇಲ್ಲೇ ಇರುವುದು. ಈ ಶುಲ್ಕ ಸಮಸ್ಯೆಯನ್ನು ಗುಂಪು ಎಂದು ಮಾತ್ರ ನೋಡುತ್ತದೆ. ಗುಂಪು ಇಲ್ಲದ ಜನವರಿಯಲ್ಲಿ ಸಮಸ್ಯೆಯೂ ಇಲ್ಲ ಎಂದಾಯಿತು. ಆದರೆ ಕತ್ತಲಾದ ಕಿಟಕಿಗಳು ಕಣ್ಣಿಗೆ ಬೀಳುವುದು ಜನವರಿಯಲ್ಲೇ. ಜನ ಹೆಚ್ಚಾಗಿರುವುದು ಬೇಸಿಗೆಯ ತೊಂದರೆ. ಜನ ಇಲ್ಲದಿರುವುದು ವರ್ಷಪೂರ್ತಿಯ ತೊಂದರೆ, ಬೇಸಿಗೆಯಲ್ಲಿ ಅದು ಮುಚ್ಚಿಹೋಗಿರುತ್ತದೆ ಅಷ್ಟೆ. ಗೇಟಿನಲ್ಲಿ ಐದು ಯೂರೊ ವಸೂಲಿ ಮಾಡಿದರೆ ಒಂದು ಸಂಸಾರವೂ ವಾಪಸ್ ಬರುವುದಿಲ್ಲ. ಎಷ್ಟು ಮನೆಗಳನ್ನು ದಿನದ ಬಾಡಿಗೆಗೆ ಬಿಡಬಹುದು ಎಂದು ಮಿತಿ ಹಾಕಿ, ಸಂಬಳದವರ ಕೈಗೆಟುಕುವ ಬಾಡಿಗೆಗೆ ಮನೆ ಕೊಟ್ಟರೆ ಬಂದಾರು.

ಈಗ ಹಂಪಿಗೆ ಬರುತ್ತೇನೆ. ಎರಡೂ ಕಡೆ ಕಲ್ಲಿದೆ, ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ, ಹಂಪಿ 1986ರಲ್ಲಿ, ವೆನಿಸ್ 1987ರಲ್ಲಿ ಸೇರಿದವು ಎಂಬಷ್ಟೇ ಕಾರಣಕ್ಕೆ ಅಲ್ಲ. ನಮ್ಮ ಊರಿನ ಕತೆಯನ್ನು ಯುರೋಪಿಗೆ ಹೇಳಿದವರಲ್ಲಿ ಇಬ್ಬರು ವೆನಿಸ್‌ನವರು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ನಿಕೊಲೊ ಕಾಂಟಿ ವೆನಿಸ್ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾ ಎಂಬ ಊರಿನವನು. ಮೋಸೆಯ ಒಂದು ಸಾಲು ಗೇಟು ಇರುವುದು ಅಲ್ಲೇ. 1420ರ ಸುಮಾರಿಗೆ ಅವನು ವಿಜಯನಗರಕ್ಕೆ ಬಂದ. ಊರಿನ ಸುತ್ತಳತೆ, ಜನ, ಹಬ್ಬಗಳನ್ನು ಕಂಡು ಬೆರಗಾದ. ಸೀಸರ್ ಫ್ರೆಡರಿಕ್ ಬಂದದ್ದು 1567ರಲ್ಲಿ, ಅಂದರೆ 1565ರ ಯುದ್ಧ ಆಗಿ ಎರಡು ವರ್ಷಕ್ಕೆ. ಏಳು ತಿಂಗಳು ಇದ್ದ. ಅವನು ಬರೆದಿರುವುದು ಗಮನಿಸಬೇಕಾದ ಸಂಗತಿ. ಊರು ಪೂರ್ತಿ ನಾಶವಾಗಿರಲಿಲ್ಲ, ಮನೆಗಳು ನಿಂತೇ ಇದ್ದವು, ಒಳಗೆ ಜನ ಇರಲಿಲ್ಲ ಎನ್ನುತ್ತಾನೆ. ಹುಲಿಯಂಥ ಕಾಡುಪ್ರಾಣಿಗಳು ಸೇರಿಕೊಂಡಿವೆಯೆಂದು ಕೇಳಿದ್ದನ್ನೂ ಸೇರಿಸುತ್ತಾನೆ.

ಗೋಡೆ ಬಿದ್ದಾಗ ಊರು ಸಾಯುತ್ತದೆ ಎಂದು ನಾವು ತಿಳಿದಿದ್ದೇವೆ. ಫ್ರೆಡರಿಕ್ ಕಂಡದ್ದು ಗೋಡೆ ನಿಂತಿದ್ದ, ಊರು ಹೋಗಿದ್ದ ಜಾಗವನ್ನು. ನಾಲ್ಕೂವರೆ ಶತಮಾನದ ನಂತರ ಅವನದೇ ಊರಿನ ಕಾಲುವೆ ದಂಡೆಯಲ್ಲಿ ನಿಂತಾಗ ನನಗೆ ನೆನಪಾದದ್ದು ಅದು.

ಹಂಪಿಯ ಸೀಸನ್ ವೆನಿಸ್‌ಗೆ ತದ್ವಿರುದ್ಧ. ಅವರಿಗೆ ಖಾಲಿ ಇರುವ ಡಿಸೆಂಬರ್-ಜನವರಿ ನಮ್ಮಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಕಾಲ. ನಮ್ಮ ಮೌನದ ಕಾಲ ಬೇಸಿಗೆ. ಚೈತ್ರದಲ್ಲಿ ವಿರೂಪಾಕ್ಷನ ತೇರು ಎಳೆದು ಜನ ಚದುರಿದ ಮೇಲೆ ಬಂಡೆಗಳು ಕಾಯತೊಡಗುತ್ತವೆ, ಮಧ್ಯಾಹ್ನ ನಾಯಿಯೂ ಹೊರಬರುವುದಿಲ್ಲ. ಆಗ ಸಂಜೆ ಗುಡಿಯ ಮುಂದಿನ ಬಜಾರಿನಲ್ಲಿ ನಿಂತು ನೋಡಿ. ಸಾಲು ಮಂಟಪಗಳ ಉದ್ದಕ್ಕೂ ಒಂದು ದೀಪ ಇರುವುದಿಲ್ಲ. 2011ರ ಜುಲೈವರೆಗೆ ಅಲ್ಲಿ ದೀಪಗಳಿದ್ದವು. ಆ ಮಂಟಪಗಳಲ್ಲಿ, ಅವುಗಳ ಅಕ್ಕಪಕ್ಕದಲ್ಲಿ ಸಂಸಾರಗಳಿದ್ದವು. ಚಹಾ ಅಂಗಡಿ, ಕಿರಾಣಿ, ಕುಂಕುಮ-ಬಳೆ, ಪುಸ್ತಕ, ಊಟದ ಮನೆ ಇದ್ದವು. ಒಂದು ಬೆಳಗ್ಗೆ ಜೆಸಿಬಿಗಳು ಬಂದವು. ನೂರಾರು ಕುಟುಂಬಗಳು ಎದ್ದವು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಿದರು.

ಅಧಿಕಾರಿಗಳ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಐನೂರು ವರ್ಷದ ಕಂಬಕ್ಕೆ ಸಿಮೆಂಟ್ ಗೋಡೆ ಕಟ್ಟಿದ್ದು, ಶಾಸನದ ಪಕ್ಕ ಮೊಳೆ ಹೊಡೆದದ್ದು, ಕಕ್ಕಸಿನ ನೀರು ಎಲ್ಲೆಲ್ಲೋ ಹರಿದದ್ದು ನಿಜ. ಕಲ್ಲು ಉಳಿಯಬೇಕಾದರೆ ಕೆಲವು ಕಟ್ಟು ಬೇಕೇ ಬೇಕು. ಆದರೆ ಮಂಟಪದೊಳಗಿನ ಕಾಂಕ್ರೀಟ್ ಗೋಡೆ ತೆಗೆಸುವುದು ಒಂದು, ಸಂಜೆ ದೀಪ ಹಚ್ಚುವವರನ್ನೇ ತೆಗೆಯುವುದು ಇನ್ನೊಂದು. ಬಜಾರು ಎಂದು ಹೆಸರಿರುವ ಜಾಗದಲ್ಲಿ ವ್ಯಾಪಾರ ಇರುವುದು ಅಪಚಾರವಲ್ಲ. ವಿಜಯನಗರದ ಕಾಲದಲ್ಲಿ ಅದನ್ನು ಕಟ್ಟಿಸಿದ್ದೇ ಅದಕ್ಕೆ. ನದಿ ದಾಟಿ ಆನೆಗುಂದಿಗೆ ಹೋದರೆ ವ್ಯತ್ಯಾಸ ಕಾಣುತ್ತದೆ. ಹಳೆಯ ಕೋಟೆ ಬಾಗಿಲಿನೊಳಗೆ ಇನ್ನೂ ಮನೆಗಳಿವೆ, ಎಮ್ಮೆಗಳಿವೆ, ಬಾಳೆನಾರಿನಲ್ಲಿ ಚೀಲ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ. ಮೇ ತಿಂಗಳಲ್ಲೂ ಆನೆಗುಂದಿಯಲ್ಲಿ ಸಂಜೆ ಕಟ್ಟೆಯ ಮೇಲೆ ಹರಟೆ ಇರುತ್ತದೆ. ಅಲ್ಲಿನ ಮೌನ ದುಡಿದು ಬಂದವರು ವಿರಮಿಸುವ ಮೌನ. ಬಜಾರಿನದು ಆಳಿಲ್ಲದ ಮನೆಯ ಮೌನ.

ಇದಕ್ಕೆ ಪರಿಹಾರವೆಂದು ಈಗ ಎಲ್ಲ ಕಡೆ ಕೇಳಿಬರುವ ಮಾತು ವರ್ಷಪೂರ್ತಿ ಪ್ರವಾಸೋದ್ಯಮ. ಆಫ್ ಸೀಸನ್ನೇ ಇರಬಾರದು, ಖಾಲಿ ತಿಂಗಳಿಗೊಂದು ಉತ್ಸವ ಇಟ್ಟು ತುಂಬಿಸಬೇಕು ಎನ್ನುತ್ತಾರೆ. ಆ ಅಡುಗೆಯವನ ಅರ್ಧ ಸಂಬಳ ನೆನೆದರೆ ಇದು ಸರಿ ಎನಿಸುತ್ತದೆ. ಹಂಪಿಯ ಆಟೋದವರನ್ನು, ಗೈಡುಗಳನ್ನು ಕೇಳಿದರೆ ಅವರೂ ಹೌದೆನ್ನುತ್ತಾರೆ. ಆದರೂ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹೊಲಕ್ಕೂ ಒಂದು ಬಿಡುವು ಬೇಕು. ಮುರಿದ ಮೆಟ್ಟಿಲು ಸರಿಮಾಡಲು, ಕಾಲುವೆಯ ಹೂಳು ತೆಗೆಯಲು, ಮಗಳ ಮದುವೆ ಮಾಡಲು, ತಮ್ಮ ಹಬ್ಬವನ್ನು ತಾವೇ ನೋಡಲು ಊರಿಗೆ ಕೆಲವು ವಾರ ಬೇಕು. ಎಲ್ಲ ತಿಂಗಳನ್ನೂ ಮಾರಿದರೆ ಊರಿನವರಿಗೆಂದು ಉಳಿಯುವುದೇನು? ಸೀಸನ್ನಿನಲ್ಲಿ ಬಂದ ದುಡ್ಡಿನ ಪಾಲು ಸೀಸನ್ ಇಲ್ಲದ ತಿಂಗಳಲ್ಲಿ ಕೆಲಸದವರಿಗೆ ಸಿಗುವಂತೆ ಮಾಡುವುದು, ಆ ತಿಂಗಳುಗಳಲ್ಲಿ ರಿಪೇರಿ, ಸ್ವಚ್ಛತೆ, ತರಬೇತಿಯ ಕೆಲಸ ಅವರಿಗೇ ಕೊಡುವುದು ಇದಕ್ಕಿಂತ ಒಳ್ಳೆಯದು. ಖರ್ಚು ಬರುತ್ತದೆ. ಉತ್ಸವಕ್ಕೂ ಬರುತ್ತದೆ.

ಹಾಗಾದರೆ ಪ್ರವಾಸಿಗಳಾಗಿ ನಾವೇನು ಮಾಡಬೇಕು? ಮೌನದ ಕಾಲದಲ್ಲಿ ಖಂಡಿತ ಹೋಗಿ. ಹೋದರೆ ಒಂದು ದಿನಕ್ಕೆ ಓಡಿಬರಬೇಡಿ, ಎರಡು ಮೂರು ರಾತ್ರಿ ಇರಿ. ಬೆಳಿಗ್ಗೆ ಬಂದು ಸಂಜೆ ಹೋಗುವ ನೂರು ಜನರಿಗಿಂತ ಮೂರು ದಿನ ಇದ್ದು ಅಲ್ಲೇ ಉಣ್ಣುವ ಹತ್ತು ಜನರಿಂದ ಊರಿಗೆ ಹೆಚ್ಚು ಉಪಯೋಗ. ಇಡೀ ಮನೆ ದಿನದ ಬಾಡಿಗೆಗೆ ಹಿಡಿಯುವ ಬದಲು ಮನೆಯವರು ತಾವೂ ಇದ್ದು ನಡೆಸುವ ಕೋಣೆಯಲ್ಲೋ ಸಣ್ಣ ಲಾಡ್ಜಿನಲ್ಲೋ ಇಳಿದುಕೊಳ್ಳಿ. ನಾವು ಒಂದು ಮನೆ ಹಿಡಿದರೆ ಆ ಮಟ್ಟಿಗೆ ಒಂದು ಸಂಸಾರದ ಜಾಗ ಹೋಯಿತು ಎಂಬ ಎಚ್ಚರ ಇರಲಿ. ಬೆಳಗಿನ ಜಾವ ನಡೆಯಿರಿ, ಮಾರ್ಕೆಟ್ಟಿಗೆ ಹೋಗಿ. ರಾತ್ರಿ ಕಿಟಕಿ ಎಣಿಸಿ. ವೆನಿಸ್‌ಗೇ ಹೋಗಬೇಕೆಂದೇನಿಲ್ಲ. ಬಾದಾಮಿ, ಐಹೊಳೆ, ವಿಜಯಪುರ, ಶ್ರೀರಂಗಪಟ್ಟಣ, ಎಲ್ಲಾದರೂ ಆದೀತು.

ನಮ್ಮ ಬ್ಲಾಗಿನ ಓದುಗರಲ್ಲಿ ವರದಿಗಾರರು ಬಹಳ ಜನ ಇದ್ದೀರಿ. ಕೊನೆಯ ಮಾತು ನಿಮಗೆ. ಸುದ್ದಿಗೂ ಒಂದು ಸೀಸನ್ ಇದೆ. ಹಂಪಿ ಉತ್ಸವಕ್ಕೆ ಜಿಲ್ಲೆಯ ಎಲ್ಲ ಕ್ಯಾಮೆರಾಗಳೂ ಬರುತ್ತವೆ. ಎಷ್ಟು ಲಕ್ಷ ಜನ ಬಂದರು, ಯಾವ ನಟ ಬಂದ ಎಂದು ಪುಟ ತುಂಬುತ್ತದೆ. ಪ್ರವಾಸೋದ್ಯಮ ಇಲಾಖೆಯೂ ಬಂದವರ ಲೆಕ್ಕ ಕೊಡುತ್ತದೆ, ನಾವು ಅದನ್ನೇ ಅಚ್ಚು ಹಾಕುತ್ತೇವೆ. ಉಳಿದವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕಡ್ಡಿರಾಂಪುರಕ್ಕೆ ಹೋದ ಕುಟುಂಬಗಳಲ್ಲಿ ಎಷ್ಟು ಈಗಲೂ ಹಂಪಿಯಲ್ಲೇ ದುಡಿಯುತ್ತಿವೆ, ಜನತಾ ಪ್ಲಾಟಿನಲ್ಲಿ ಬೇಸಿಗೆಯಲ್ಲಿ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತದೆ, ಅಲ್ಲಿನ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಇದನ್ನು ಬರೆಯಲು ಉತ್ಸವ ಬೇಕಿಲ್ಲ, ಪಾಸು ಬೇಕಿಲ್ಲ. ಬರುವ ಮೇ ತಿಂಗಳಲ್ಲಿ ಹೊಸಪೇಟೆಯಿಂದ ಸಂಜೆಯ ಬಸ್ಸು ಹತ್ತಿದರೆ ಸಾಕು. ಸೀಟು ಖಾಲಿ ಇರುತ್ತದೆ.